ಹೆರಿಗೆ ಕೋಣೆಯ ಲೆಕ್ಕ ಯಾರ ಕೈ ಸೇರಬೇಕು?

2024ರ ಅಕ್ಟೋಬರ್ ತಿಂಗಳಲ್ಲಿ ರಾಯಚೂರು ಜಿಲ್ಲೆಯ ಸಿಂಧನೂರು ಮತ್ತು ದೇವದುರ್ಗದ ಸರ್ಕಾರಿ ಆಸ್ಪತ್ರೆಗಳಲ್ಲಿ ಸಿಸೇರಿಯನ್ ಆದ ನಾಲ್ವರು ಬಾಣಂತಿಯರು ತೀರಿಕೊಂಡರು. ಆ ತಿಂಗಳು ಅಲ್ಲಿ ನಡೆದ ಸಿಸೇರಿಯನ್‌ಗಳು ಸುಮಾರು 300 ಎಂದು ಆಮೇಲೆ ವರದಿಯಾಯಿತು. ಆಮೇಲೆ ಎಂದರೆ, ನವೆಂಬರ್‌ನಲ್ಲಿ ಬಳ್ಳಾರಿಯ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದವರಲ್ಲಿ ಐವರು ಒಬ್ಬರ ಹಿಂದೊಬ್ಬರು ಸತ್ತು, ಅವರ ನರಕ್ಕೆ ಏರಿಸಿದ್ದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಅನುಮಾನ ಎದ್ದು, ಇಡೀ ರಾಜ್ಯ ಬಳ್ಳಾರಿಯ ಕಡೆ ತಿರುಗಿ ನೋಡಿದ ಮೇಲೆ. ಅಲ್ಲಿಯವರೆಗೆ ರಾಯಚೂರಿನ ನಾಲ್ಕು ಮನೆಗಳ ದುಃಖ ರಾಜ್ಯದ ಸುದ್ದಿಯಾಗಿರಲಿಲ್ಲ.

ಆ ಸಾವುಗಳು ಕಡತಕ್ಕೆ ಸೇರದೆ ಉಳಿದವಲ್ಲ. ಬಾಣಂತಿ ಸತ್ತರೆ ವರದಿಯಾಗಲೇಬೇಕು, ಆಸ್ಪತ್ರೆಯೊಳಗೆ ಪರಿಶೀಲನೆ ಆಗಬೇಕು, ಜಿಲ್ಲಾಧಿಕಾರಿಯ ಮುಂದೆಯೂ ವಿಮರ್ಶೆ ನಡೆಯಬೇಕು ಎಂಬ ನಿಯಮ ದೇಶದಲ್ಲಿ 2010ರಿಂದ ಇದೆ. 2017ರಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಲಾಗಿದೆ. ತಾಯಿ ಕಾರ್ಡ್ ಇದೆ, ಆಶಾ ಕಾರ್ಯಕರ್ತೆಯ ದಾಖಲೆ ಇದೆ, ಹೆರಿಗೆ ಕೋಣೆಯ ದಪ್ಪ ರಿಜಿಸ್ಟರ್ ಇದೆ, ತಿಂಗಳು ತಿಂಗಳು ಕಂಪ್ಯೂಟರಿಗೆ ಏರುವ ಅಂಕಿಗಳಿವೆ. ದೇವದುರ್ಗದ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಿಸ್ಟರ್ ಒಬ್ಬರು ಬರೆಯುವಷ್ಟು ಅಂಕಿಗಳನ್ನು ಜಿಲ್ಲೆಯ ಬೇರೆ ಯಾವ ಇಲಾಖೆಯ ನೌಕರರೂ ಬರೆಯಲಿಕ್ಕಿಲ್ಲ. ಇಷ್ಟೆಲ್ಲ ಬರೆದೂ ಒಂದೇ ತಿಂಗಳ ನಾಲ್ಕು ಸಾವುಗಳು ಒಟ್ಟಿಗೆ ಕಂಡು, ಪಕ್ಕದ ಜಿಲ್ಲೆಗೆ ಎಚ್ಚರಿಕೆಯಾಗಿ ಯಾಕೆ ತಲುಪಲಿಲ್ಲ ಎಂಬುದು ವೈದ್ಯಕೀಯ ಸೇವೆಯ ಗುಣಮಟ್ಟದ ಬಗ್ಗೆ ಮಾತಾಡುವ ಎಲ್ಲರೂ ಮೊದಲು ಕೇಳಬೇಕಾದ ಪ್ರಶ್ನೆ.

ರಾಜ್ಯದ ಸರಾಸರಿ ನೋಡಿದರೆ ಸಮಾಧಾನಪಡುವಂತಿದೆ. 2004–06ರಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 213 ತಾಯಂದಿರು ಸಾಯುತ್ತಿದ್ದರು. 2018–20ರ ಹೊತ್ತಿಗೆ ಅದು 69ಕ್ಕೆ, 2019–21ರಲ್ಲಿ 63ಕ್ಕೆ ಇಳಿಯಿತು. ಇದು ನಿಜವಾದ ಸಾಧನೆ. ಅದರ ಹಿಂದೆ 108 ಆಂಬುಲೆನ್ಸ್, ಜನನಿ ಸುರಕ್ಷಾ ಯೋಜನೆ, ಸಾವಿರಾರು ಆಶಾ ಕಾರ್ಯಕರ್ತೆಯರ ಕಾಲ್ನಡಿಗೆ ಎಲ್ಲವೂ ಇದೆ. ಆದರೆ ಈ ಅಂಕಿ ಬರುವುದು ಮಾದರಿ ನೋಂದಣಿ ಸಮೀಕ್ಷೆಯಿಂದ. ಅದು ರಾಜ್ಯದ ಲೆಕ್ಕ ಹೇಳುತ್ತದೆಯೇ ಹೊರತು ಜಿಲ್ಲೆಯದ್ದನ್ನಲ್ಲ. ರಾಯಚೂರಿನ ತಾಯಿ ಮರಣ ಪ್ರಮಾಣ ಎಷ್ಟು, ಅದರ ಮಾನ್ವಿ ತಾಲೂಕಿನದು ಎಷ್ಟು ಎಂದು ಅದನ್ನು ಕೇಳಿದರೆ ಉತ್ತರವಿಲ್ಲ. ಮಂಡ್ಯ, ಉಡುಪಿ, ರಾಯಚೂರು ಎಲ್ಲವೂ ಆ ಒಂದೇ 63ರೊಳಗೆ ಕರಗಿವೆ.

ಹಾಗಾದರೆ ತಾಲೂಕುವಾರು ಲೆಕ್ಕ ಹಾಕಿದರಾಯಿತು ಎನ್ನಬಹುದು. ಇಲ್ಲೊಂದು ಗಣಿತದ ತೊಡಕಿದೆ. ವರ್ಷಕ್ಕೆ 3,000 ಹೆರಿಗೆಯಾಗುವ ಒಂದು ತಾಲೂಕನ್ನು ಊಹಿಸಿಕೊಳ್ಳಿ. ರಾಜ್ಯದ ಸರಾಸರಿ ಅಲ್ಲಿಗೂ ಅನ್ವಯಿಸಿದರೆ ವರ್ಷಕ್ಕೆ ಸುಮಾರು ಇಬ್ಬರು ತಾಯಂದಿರು ಸಾಯುತ್ತಾರೆ. ಸೇವೆಯ ಗುಣಮಟ್ಟದಲ್ಲಿ ಎಳ್ಳಷ್ಟೂ ವ್ಯತ್ಯಾಸವಾಗದಿದ್ದರೂ, ಬರೀ ಆಕಸ್ಮಿಕದಿಂದಲೇ, ಸರಿಸುಮಾರು ಏಳು ವರ್ಷಕ್ಕೊಮ್ಮೆ ಅಲ್ಲಿ ಒಂದೂ ಸಾವು ಆಗುವುದಿಲ್ಲ. ಎಂಟು ವರ್ಷಕ್ಕೊಮ್ಮೆ ನಾಲ್ಕೋ ಅದಕ್ಕಿಂತ ಹೆಚ್ಚೋ ಆಗುತ್ತವೆ. ಸೊನ್ನೆಯ ವರ್ಷ ವೈದ್ಯಾಧಿಕಾರಿಗೆ ಶಾಲು ಹೊದಿಸಿ, ನಾಲ್ಕರ ವರ್ಷ ನೋಟಿಸ್ ಕೊಟ್ಟರೆ ಎರಡೂ ಅನ್ಯಾಯ. ಜಿಲ್ಲಾ ಮಟ್ಟದ ಸಭೆಗಳಲ್ಲಿ ತಾಲೂಕುಗಳನ್ನು ಸಾವಿನ ಸಂಖ್ಯೆಯ ಮೇಲೆ ಸಾಲಾಗಿ ನಿಲ್ಲಿಸುವವರು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು.

ಅದೇ ಗಣಿತ ಅಕ್ಟೋಬರ್ 2024ಕ್ಕೆ ಬೇರೆಯೇ ಮಾತು ಹೇಳುತ್ತದೆ. 300 ಹೆರಿಗೆಗಳಿಗೆ ರಾಜ್ಯದ ಸರಾಸರಿಯಂತೆ ಒಂದು ಸಾವಿನ ಕಾಲು ಭಾಗ ಕೂಡ ನಿರೀಕ್ಷಿತವಲ್ಲ. ಸಿಸೇರಿಯನ್ನಿನಲ್ಲಿ ಅಪಾಯ ಮೂರು ಪಟ್ಟು ಹೆಚ್ಚೆಂದು ಹಿಡಿದರೂ ಒಂದು ತುಂಬುವುದಿಲ್ಲ. ಅಲ್ಲಿ ನಾಲ್ಕು ಆದವು. ಇಂಥದ್ದು ಆಕಸ್ಮಿಕವಾಗಿ ಆಗುವ ಸಂಭವ ನೂರರಲ್ಲಿ ಒಂದಕ್ಕಿಂತ ಕಡಿಮೆ. ವರ್ಷದ ಕೊನೆಗೆ ಕೂಡಿಸಿ ಭಾಗಿಸಿದರೆ ಮುಚ್ಚಿಹೋಗುವ ಈ ಸಂಕೇತ, ತಿಂಗಳ ಮಟ್ಟದಲ್ಲಿ, ಆಸ್ಪತ್ರೆ ಮತ್ತು ಶಸ್ತ್ರಚಿಕಿತ್ಸೆಯ ಹೆಸರಿನಲ್ಲಿ ನೋಡಿದವರ ಕಣ್ಣಿಗೆ ರಾಚುವಷ್ಟು ಸ್ಪಷ್ಟ.

ಬಳ್ಳಾರಿಯ ಪ್ರಕರಣದಲ್ಲಿ ಇನ್ನೊಂದು ಅಳತೆ ಕೈಕೊಟ್ಟಿತು. ಪಶ್ಚಿಮ ಬಂಗಾಳದ ಕಂಪನಿಯೊಂದು ಪೂರೈಸಿದ್ದ ಆ ದ್ರಾವಣದ ಕೆಲವು ಬ್ಯಾಚ್‌ಗಳು ಗುಣಮಟ್ಟದ್ದಲ್ಲ ಎಂದು ರಾಜ್ಯದ ಪ್ರಯೋಗಾಲಯ ಆ ವರ್ಷದ ಆರಂಭದಲ್ಲೇ ಹೇಳಿತ್ತು. ಕೇಂದ್ರದ ಪ್ರಯೋಗಾಲಯ ಅವುಗಳಲ್ಲಿ ಕೆಲವನ್ನು ಸರಿಯಾಗಿವೆ ಎಂದಿತು. ತಡೆಹಿಡಿದಿದ್ದ ದಾಸ್ತಾನಿನಲ್ಲಿ ಒಂದಷ್ಟು ಮತ್ತೆ ಬಳಕೆಗೆ ಬಂತು. ಎರಡು ಪ್ರಯೋಗಾಲಯಗಳು ಒಂದೇ ಬಗೆಯ ಬಾಟಲಿಯ ಬಗ್ಗೆ ಎರಡು ಮಾತು ಹೇಳಿದಾಗ ಆಸ್ಪತ್ರೆಯ ನರ್ಸ್ ಯಾವುದನ್ನು ನಂಬಬೇಕು? ಅವಳಿಗೆ ಆ ಜಗಳದ ಸುದ್ದಿಯೇ ಗೊತ್ತಿರುವುದಿಲ್ಲ.

ಸಾವುಗಳಿಂದ ಎಚ್ಚೆತ್ತ ಸರ್ಕಾರ 2024ರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ರಾಜ್ಯದಲ್ಲಾದ 464 ತಾಯಂದಿರ ಸಾವನ್ನು ಒಂದೊಂದಾಗಿ ಪರಿಶೀಲನೆ ಮಾಡಿಸಿತು. ಶೇ 70ಕ್ಕೂ ಹೆಚ್ಚು ಸಾವುಗಳನ್ನು ತಡೆಯಬಹುದಿತ್ತು ಎಂದು ವರದಿ ಹೇಳಿತು. 18 ಸಾವುಗಳನ್ನು ರಿಂಗರ್ ಲ್ಯಾಕ್ಟೇಟ್ ಜೊತೆ ತಳುಕು ಹಾಕಿತು. ಈ 18ರ ಬಗ್ಗೆ ಎಲ್ಲರೂ ಮಾತಾಡಿದರು, ಮಾತಾಡಲೇಬೇಕಿತ್ತು. ಆದರೆ ಉಳಿದ ಮುನ್ನೂರಕ್ಕೂ ಹೆಚ್ಚು ತಡೆಯಬಹುದಾದ ಸಾವುಗಳ ಹಿಂದೆ ಕೆಟ್ಟ ಬಾಟಲಿಯಂಥ ಒಬ್ಬನೇ ಖಳನಾಯಕ ಇರಲಿಲ್ಲ. ಅಂಥ ಸಾವುಗಳಿಗೆ ಕಾರಣ ಹುಡುಕಲು ಸೇವೆಯನ್ನೇ ಬಿಚ್ಚಿ ನೋಡಬೇಕು.

ಬಿಚ್ಚಿ ನೋಡುವ ಬಗೆಯನ್ನು 1966ರಲ್ಲಿ ವೈದ್ಯ ಅವೆಡಿಸ್ ಡೊನಬೇಡಿಯನ್ ಒಂದು ಲೇಖನದಲ್ಲಿ ಹೇಳಿಕೊಟ್ಟರು. ಬೈರೂತ್‌ನಲ್ಲಿ ಹುಟ್ಟಿದ ಈ ಅರ್ಮೇನಿಯನ್, ಅಮೆರಿಕದ ಮಿಶಿಗನ್‌ನಲ್ಲಿ ಪಾಠ ಮಾಡುತ್ತಿದ್ದರು. ಕಟ್ಟಡ, ಹಾಸಿಗೆ, ಸಿಬ್ಬಂದಿ, ಔಷಧ ಇವೆಯೇ ಎಂಬುದು ಒಂದು ಅಳತೆ. ರೋಗಿ ಬಂದಾಗ ಮಾಡಬೇಕಾದ್ದನ್ನು ಮಾಡಿದರೇ ಎಂಬುದು ಎರಡನೆಯದು. ರೋಗಿ ಬದುಕಿದರೇ, ಗುಣವಾದರೇ ಎಂಬುದು ಮೂರನೆಯದು. ಕೇಳಿದರೆ ಸರಳ ಅನ್ನಿಸುತ್ತದೆ. ರಾಯಚೂರಿನ ಐವತ್ತು ವರ್ಷಗಳ ಆರೋಗ್ಯ ನೀತಿಯನ್ನು ಇದರ ಮೇಲಿಟ್ಟು ನೋಡಿದರೆ, ಅದರ ಬಹುಭಾಗ ಮೊದಲನೆಯ ಅಳತೆಯಲ್ಲೇ ಕಳೆದುಹೋಗಿರುವುದು ಕಾಣುತ್ತದೆ.

ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 175 ತಾಲೂಕುಗಳನ್ನು ಅಳೆದು 114 ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದಿತು. ಆ 39ರಲ್ಲಿ ದೇವದುರ್ಗವೂ ಇತ್ತು, ಮಾನ್ವಿಯೂ ಇತ್ತು. ಈ ಭಾಗದ ಜನ ತಮ್ಮ ಅನುಭವದಿಂದ ಹೇಳುತ್ತ ಬಂದಿದ್ದನ್ನು ಸರ್ಕಾರದ ಕಾಗದದ ಮೇಲೆ ಅಂಕಿಯಾಗಿ ನಿಲ್ಲಿಸಿದ ಆ ವರದಿಗೆ ಕಲ್ಯಾಣ ಕರ್ನಾಟಕ ಇಂದಿಗೂ ಋಣಿ. ಮುಂದೆ ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371 (ಜೆ) ವಿಧಿ ಬಂದಾಗಲೂ ಅದೇ ವರದಿ ವಾದದ ಬೆನ್ನೆಲುಬಾಗಿತ್ತು. ಆದರೆ ಆರೋಗ್ಯಕ್ಕೆ ಆ ಸಮಿತಿ ಹಿಡಿದ ಅಳತೆಗೋಲು ಜನಸಂಖ್ಯೆಗೆ ತಕ್ಕಂತೆ ಎಷ್ಟು ವೈದ್ಯರು, ಎಷ್ಟು ಹಾಸಿಗೆ ಎಂಬಂಥದ್ದು. ಅಂದಿಗೆ ಸಿಗುತ್ತಿದ್ದ ಮಾಹಿತಿಯಲ್ಲಿ ಅಷ್ಟೇ ಸಾಧ್ಯವಿತ್ತು. ಹಾಸಿಗೆ ಇದ್ದು ಅರಿವಳಿಕೆ ತಜ್ಞರಿಲ್ಲದ ರಾತ್ರಿ ಆ ಕೋಷ್ಟಕದಲ್ಲಿ ಕಾಣುವುದಿಲ್ಲ.

ರಾಯಚೂರು ನಗರದ ಒಪೆಕ್ ಆಸ್ಪತ್ರೆಯ ಕತೆ ಇದಕ್ಕಿಂತ ಪಾಠ ತುಂಬಿದ್ದು. ತೈಲ ರಫ್ತು ರಾಷ್ಟ್ರಗಳ ನಿಧಿಯ ನೆರವಿನಿಂದ ಕಟ್ಟಿದ ಈ ರಾಜೀವ್ ಗಾಂಧಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯನ್ನು ಸರ್ಕಾರ ಈ ಶತಮಾನದ ಆರಂಭದಲ್ಲಿ ಅಪೋಲೋ ಸಂಸ್ಥೆಗೆ ನಡೆಸಲು ಕೊಟ್ಟಿತು. ನೆಲ, ಕಟ್ಟಡ, ವಸತಿಗೃಹ, ರಸ್ತೆ, ನೀರು, ವಿದ್ಯುತ್ ಸೌಕರ್ಯ ಸರ್ಕಾರದ್ದು. ವೈದ್ಯರು ಮತ್ತು ಆಡಳಿತ ಸಂಸ್ಥೆಯದು. ಮೊದಲ ಮೂರು ವರ್ಷದ ನಷ್ಟವನ್ನು ಸರ್ಕಾರ ತುಂಬಿಕೊಡಬೇಕು. ನಾಲ್ಕನೇ ವರ್ಷದಿಂದ ನಿವ್ವಳ ಲಾಭದಲ್ಲಿ ಶೇ 30 ಸಂಸ್ಥೆಗೆ. ಲಾಭ ಬಾರದಿದ್ದರೆ ಒಟ್ಟು ಬಿಲ್ಲಿನ ಶೇ 3 ಮೀರದಷ್ಟು ಸೇವಾಶುಲ್ಕ. ಬಡತನ ರೇಖೆಗಿಂತ ಕೆಳಗಿನ ರೋಗಿಗಳಿಗೆ ಬಳಸಿದ ಸಾಮಗ್ರಿಯ ಲೆಕ್ಕವನ್ನು ತಿಂಗಳು ತಿಂಗಳು ಜಿಲ್ಲಾಧಿಕಾರಿಗೆ ಸಲ್ಲಿಸಿ ಹಣ ಪಡೆಯಬೇಕು. ದೇಶದ ಅಂದಿನ ಯೋಜನಾ ಆಯೋಗ ಖಾಸಗಿ–ಸರ್ಕಾರಿ ಸಹಭಾಗಿತ್ವದ ಉದಾಹರಣೆಯಾಗಿ ಇದನ್ನು ವಿವರವಾಗಿ ದಾಖಲಿಸಿದೆ. ಆ ವಿವರವನ್ನು ಓದುವಾಗ ಎದ್ದು ಕಾಣುವುದು ಹಣದ ಲೆಕ್ಕದ ಸೂಕ್ಷ್ಮತೆ. ಶಸ್ತ್ರಚಿಕಿತ್ಸೆಯಾದ ಎಷ್ಟು ಜನ ಒಂದು ತಿಂಗಳ ನಂತರ ಬದುಕಿದ್ದರು, ಮಾನ್ವಿಯ ಕೂಲಿಕಾರನಿಗೂ ನಗರದ ವ್ಯಾಪಾರಿಗೂ ಒಂದೇ ಫಲ ಸಿಕ್ಕಿತೇ ಎಂಬುದಕ್ಕೆ ಅಂಥ ಸೂಕ್ಷ್ಮತೆ ಅಲ್ಲಿಲ್ಲ. 2012ರಲ್ಲಿ ಆ ಒಪ್ಪಂದ ಮುಗಿಯಿತು. ಆಸ್ಪತ್ರೆ ಮುಂದೆ 2007ರಲ್ಲಿ ಆರಂಭವಾಗಿದ್ದ ರಿಮ್ಸ್ ವೈದ್ಯಕೀಯ ಕಾಲೇಜಿನ ಆಡಳಿತಕ್ಕೆ ಸೇರಿತು. ಆ ಹತ್ತು ವರ್ಷ ಒಳ್ಳೆಯದಾಗಿತ್ತೇ, ಕೆಟ್ಟದ್ದಾಗಿತ್ತೇ ಎಂದು ಜಿಲ್ಲೆಯಲ್ಲಿ ಇಂದಿಗೂ ವಾದ ನಡೆಯುತ್ತದೆ; ಎರಡೂ ಕಡೆಯವರು ನೆನಪಿನಿಂದ ವಾದಿಸುತ್ತಾರೆ. ಬಹಿರಂಗವಾಗಿ ಫಲಿತಾಂಶ ಬರೆದಿಡಬೇಕೆಂಬ ಷರತ್ತು ಒಪ್ಪಂದದಲ್ಲಿದ್ದಿದ್ದರೆ ಅಂಕಿಯಿಂದ ವಾದಿಸಬಹುದಿತ್ತು.

ಏಮ್ಸ್ ರಾಯಚೂರಿಗೇ ಬರಬೇಕೆಂದು 2022ರ ಮೇ ತಿಂಗಳಲ್ಲಿ ಶುರುವಾದ ಧರಣಿ ಸಾವಿರ ದಿನ ದಾಟಿತು. ಐಐಟಿ ಕೈತಪ್ಪಿದ ಊರಿನ ನೋವು ಅದರಲ್ಲಿದೆ, ಬೇಡಿಕೆ ನ್ಯಾಯವಾದದ್ದೂ ಹೌದು. ಅದೇ ಒತ್ತಡದ ಒಂದು ಪಾಲು ಈಗಿರುವ ರಿಮ್ಸ್ ಮತ್ತು ತಾಲೂಕು ಆಸ್ಪತ್ರೆಗಳ ಫಲಿತಾಂಶವನ್ನು ಬಹಿರಂಗಪಡಿಸಿ ಎಂಬ ಬೇಡಿಕೆಗೂ ಸಿಕ್ಕರೆ ಹೋರಾಟಗಾರರ ವಾದಕ್ಕೇ ಬಲ ಬರುತ್ತದೆ.

ಎರಡನೆಯ ಅಳತೆಗೆ, ಅಂದರೆ ಮಾಡಬೇಕಾದ್ದನ್ನು ಮಾಡಿದರೇ ಎಂಬುದಕ್ಕೆ ಬರೋಣ. ಇದನ್ನು ಕಡತದಿಂದ ತಿಳಿಯುವುದು ಕಷ್ಟ. ಅರ್ಥಶಾಸ್ತ್ರಜ್ಞ ಜಿಷ್ಣು ದಾಸ್ ಮತ್ತು ಸಂಗಡಿಗರು ಮಧ್ಯಪ್ರದೇಶದ ಹಳ್ಳಿಗಳಲ್ಲಿ ಬೇರೆ ದಾರಿ ಹಿಡಿದರು. ಸ್ಥಳೀಯರಿಗೇ ತರಬೇತಿ ಕೊಟ್ಟು, ಎದೆನೋವು, ಉಬ್ಬಸ, ಮಗುವಿನ ಭೇದಿ ಎಂದು ಒಂದೇ ಬಗೆಯ ದೂರು ಹೇಳಿಸಿ ರೋಗಿಗಳಂತೆ ವೈದ್ಯರ ಬಳಿ ಕಳಿಸಿದರು. 2016ರಲ್ಲಿ ಪ್ರಕಟವಾದ ಫಲಿತಾಂಶದಂತೆ ಸರ್ಕಾರಿ ಕೇಂದ್ರದಲ್ಲಿ ವೈದ್ಯರು ರೋಗಿಗೆ ಕೊಟ್ಟ ಸಮಯ ಸರಾಸರಿ 2.4 ನಿಮಿಷ. ಖಾಸಗಿಯವರು, ಅವರಲ್ಲಿ ಬಹುಮಂದಿ ಪದವಿಯೇ ಇಲ್ಲದವರು, ಒಂದೂವರೆ ನಿಮಿಷ ಹೆಚ್ಚು ಕೊಟ್ಟಿದ್ದರು. ಅದಕ್ಕಿಂತ ಮುಖ್ಯವಾದದ್ದು: ಅದೇ ಸರ್ಕಾರಿ ವೈದ್ಯರು ತಮ್ಮ ಖಾಸಗಿ ಕ್ಲಿನಿಕ್ಕಿನಲ್ಲಿ ಕುಳಿತಾಗ ಹೆಚ್ಚು ಪ್ರಶ್ನೆ ಕೇಳಿದರು, ಹೆಚ್ಚು ಸರಿಯಾದ ಚಿಕಿತ್ಸೆ ಕೊಟ್ಟರು. ಕೊರತೆ ಇದ್ದದ್ದು ತಿಳಿವಳಿಕೆಯಲ್ಲಲ್ಲ. ಹಳ್ಳಿಯವರು ಸರ್ಕಾರಿ ಎಂಬಿಬಿಎಸ್ ವೈದ್ಯರನ್ನು ಬಿಟ್ಟು ಊರಿನ ಪದವಿಯಿಲ್ಲದ ಆರ್‌ಎಂಪಿ ಹತ್ತಿರ ಹೋಗುವುದನ್ನು ಅಜ್ಞಾನ ಎಂದು ಬಯ್ಯುವ ಮೊದಲು ಈ ಅಧ್ಯಯನವನ್ನು ನೆನೆಯಬೇಕು. ಮೈ ಮುಟ್ಟಿ ನೋಡಿ, ಎರಡು ಮಾತು ಕೇಳುವವನ ಕಡೆ ಜನ ಹೋಗುತ್ತಾರೆ.

ಹೆರಿಗೆಯ ವಿಷಯದಲ್ಲಿ ಇಂಥ ಅಳತೆಯ ಬಹುಮುಖ್ಯ ಪ್ರಯೋಗವೊಂದು ಕರ್ನಾಟಕದಲ್ಲೇ, ಬೆಳಗಾವಿ ಜಿಲ್ಲೆಯ ಗೋಕಾಕದ ಆಸ್ಪತ್ರೆಯಲ್ಲಿ ನಡೆಯಿತು. ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಹೆರಿಗೆ ಪರಿಶೀಲನಾ ಪಟ್ಟಿಯನ್ನು ಬಳಸುವ ಮೊದಲು ಪ್ರತಿ ಹೆರಿಗೆಯಲ್ಲಿ ಮಾಡಲೇಬೇಕಾದ 29 ಕೆಲಸಗಳಲ್ಲಿ ಸರಾಸರಿ 10 ಮಾತ್ರ ನಡೆಯುತ್ತಿದ್ದವು. ಪಟ್ಟಿ ಬಂದ ಮೇಲೆ 25 ನಡೆದವು. ಕೈ ತೊಳೆಯುವುದು, ರಕ್ತದೊತ್ತಡ ನೋಡುವುದು, ಹೆರಿಗೆಯಾದ ಕೂಡಲೇ ಆಕ್ಸಿಟೋಸಿನ್ ಚುಚ್ಚುವುದು ಇಂಥವೇ ಆ ಕೆಲಸಗಳು. 2012ರಲ್ಲಿ ಪ್ರಕಟವಾದ ಈ ಫಲಿತಾಂಶ ಜಗತ್ತಿಗೇ ಭರವಸೆ ಕೊಟ್ಟಿತು. ಅದರ ಬೆನ್ನಲ್ಲೇ ಉತ್ತರಪ್ರದೇಶದ 120 ಆಸ್ಪತ್ರೆಗಳಲ್ಲಿ, ಒಂದೂವರೆ ಲಕ್ಷಕ್ಕೂ ಹೆಚ್ಚು ಹೆರಿಗೆಗಳ ಮೇಲೆ ದೊಡ್ಡ ಪರೀಕ್ಷೆ ಆಯಿತು. 2017ರಲ್ಲಿ ಬಂದ ಉತ್ತರ ನಿರಾಸೆಯದು. ಸಿಬ್ಬಂದಿ ಮಾಡುವ ಕೆಲಸ ಖಂಡಿತ ಸುಧಾರಿಸಿತ್ತು. ತಾಯಿ–ಮಗುವಿನ ಸಾವು ಮತ್ತು ತೀವ್ರ ತೊಂದರೆಗಳ ಪ್ರಮಾಣ ಮಾತ್ರ ಪಟ್ಟಿ ಇದ್ದಲ್ಲೂ ಇಲ್ಲದಲ್ಲೂ ಶೇ 15ರ ಆಸುಪಾಸಿನಲ್ಲೇ ನಿಂತಿತ್ತು. ರಕ್ತವಿಲ್ಲದ, ಶಸ್ತ್ರಚಿಕಿತ್ಸೆ ಸಾಧ್ಯವಿಲ್ಲದ, ಕೌಶಲ ಪೂರ್ತಿ ಕುದುರದ ಕಡೆ ಪಟ್ಟಿಯೊಂದೇ ಪ್ರಾಣ ಉಳಿಸಲಾರದು. ದೇಶದ ಗುಣಮಟ್ಟ ಮಾನದಂಡಗಳನ್ನು, ಅಂದರೆ 2013ರ ಎನ್‌ಕ್ಯೂಎಎಸ್ ಮತ್ತು 2017ರಲ್ಲಿ ಹೆರಿಗೆ ಕೋಣೆಗಳಿಗಾಗಿ ಬಂದ ‘ಲಕ್ಷ್ಯ’ವನ್ನು, ಈ ಅನುಭವದ ಬೆಳಕಿನಲ್ಲಿ ನೋಡಬೇಕು. ತಪಾಸಣಾ ತಂಡ ಬಂದು ಶೇ 70 ಅಂಕ ಕೊಟ್ಟರೆ ಪ್ರಮಾಣಪತ್ರ ಸಿಗುತ್ತದೆ, ಮೂರು ವರ್ಷ ಗೋಡೆಯ ಮೇಲಿರುತ್ತದೆ. ಅದರಿಂದ ಶೌಚಾಲಯಗಳು ಸುಧಾರಿಸಿವೆ, ಕಸ ಬೇರ್ಪಡುತ್ತಿದೆ, ಹೆರಿಗೆ ಕೋಣೆಗೆ ಪರದೆ ಬಂದಿದೆ. ಇವು ಸಣ್ಣ ಮಾತಲ್ಲ. ಆದರೆ ತಪಾಸಣೆಯ ದಿನಕ್ಕೂ ಅಮಾವಾಸ್ಯೆಯ ರಾತ್ರಿ ಎರಡು ಗಂಟೆಗೂ ಇರುವ ಅಂತರವನ್ನು ಆ ಪ್ರಮಾಣಪತ್ರ ಹೇಳುವುದಿಲ್ಲ.

ಹಾಗಿದ್ದರೆ ಪ್ರಾಣ ಉಳಿಸುವ ಅಳತೆ ಎಂಬುದು ಇದೆಯೇ? ಇದೆ. ಅದರ ಬೇರು ಕೂಡ ಬೆಳಗಾವಿಯಲ್ಲೇ ಇದೆ.

ಹೆರಿಗೆಯ ನಂತರದ ರಕ್ತಸ್ರಾವ ನಿಲ್ಲದಿದ್ದರೆ ಎರಡು ಗಂಟೆಯೊಳಗೆ ತಾಯಿ ಸಾಯಬಹುದು. ಎಷ್ಟು ರಕ್ತ ಹೋಯಿತೆಂದು ನರ್ಸ್ ಅಥವಾ ವೈದ್ಯರು ಬಟ್ಟೆ, ನೆಲ ನೋಡಿ ಕಣ್ಣಂದಾಜಿನಲ್ಲಿ ಹೇಳುತ್ತಿದ್ದರು. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ವೈದ್ಯರು ಅಮೆರಿಕದ ಸಂಶೋಧಕರ ಜೊತೆ ಸೇರಿ, ತಾಯಿಯ ಸೊಂಟದ ಕೆಳಗೆ ಹಾಸುವ, ತುದಿಯಲ್ಲಿ ಗೆರೆ ಹಾಕಿದ ಚೀಲವಿರುವ ಅಗ್ಗದ ಪ್ಲಾಸ್ಟಿಕ್ ಹಾಳೆಯೊಂದನ್ನು ರೂಪಿಸಿದರು. ಹೋಲಿಸಿ ನೋಡಿದಾಗ ಕಣ್ಣಂದಾಜು ನಿಜಕ್ಕಿಂತ ಮೂರನೇ ಒಂದು ಭಾಗದಷ್ಟು ಕಡಿಮೆ ತೋರಿಸುತ್ತಿದ್ದುದು ಬಯಲಾಯಿತು. ಅದೇ ಹಾಳೆಯಿಂದ ಅಳೆದು, ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಸಹಾಯಕ ದಾದಿಯರೇ 1,620 ತಾಯಂದಿರ ಮೇಲೆ ನಡೆಸಿದ ಮಿಸೊಪ್ರೊಸ್ಟಾಲ್ ಮಾತ್ರೆಯ ಅಧ್ಯಯನ 2006ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂತು. ರಕ್ತಸ್ರಾವದ ತೊಂದರೆ ಶೇ 12ರಿಂದ 6.4ಕ್ಕೆ ಇಳಿದಿತ್ತು. ಅದೇ ಬಗೆಯ ಅಳತೆಯ ಹಾಳೆಯನ್ನೂ, ಮಿತಿ ದಾಟಿದ ಕ್ಷಣವೇ ಮಾಡಬೇಕಾದ ಚಿಕಿತ್ಸೆಗಳ ಗೊಂಚಲನ್ನೂ ಒಟ್ಟಿಗೆ ಕೊಟ್ಟು ಕೀನ್ಯಾ, ನೈಜೀರಿಯಾ, ತಾಂಜಾನಿಯಾ, ದಕ್ಷಿಣ ಆಫ್ರಿಕಾಗಳ 80 ಆಸ್ಪತ್ರೆಗಳಲ್ಲಿ ಪರೀಕ್ಷಿಸಿದಾಗ, 2023ರ ಫಲಿತಾಂಶ ಬೆರಗು ಹುಟ್ಟಿಸಿತು. ರಕ್ತಸ್ರಾವವನ್ನು ಗುರುತಿಸುವುದು ಶೇ 51ರಿಂದ 93ಕ್ಕೆ ಏರಿತು. ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ತೆರೆಯುವುದು, ಅದರಿಂದಾಗುವ ಸಾವು ಮೂರೂ ಸೇರಿ ಶೇ 4.3ರಿಂದ 1.6ಕ್ಕೆ ಇಳಿದವು.

ಈ ಚೀಲದ ಗೆರೆ ಯಾವ ಇಲಾಖೆಗೂ ವರದಿ ಕಳಿಸುವುದಿಲ್ಲ, ಯಾರಿಗೂ ಅಂಕ ಕೊಡುವುದಿಲ್ಲ. ಅದನ್ನು ಓದುವವಳು ತಾಯಿಯ ಪಕ್ಕದಲ್ಲಿರುವ ಸಿಸ್ಟರ್. ಓದಿದ ಮರುನಿಮಿಷ ಏನು ಮಾಡಬೇಕೆಂದು ಅವಳಿಗೆ ಗೊತ್ತು, ಮಾಡಲು ಬೇಕಾದ ಔಷಧ ಅವಳ ಕೈಯಲ್ಲಿದೆ. ರಕ್ತಹೀನತೆ ಮನೆಮನೆಯ ಮಾತಾಗಿರುವ ದೇವದುರ್ಗ, ಮಾನ್ವಿಗಳಲ್ಲಿ ಬೇರೆಡೆಯ ಹೆಣ್ಣು ತಡೆದುಕೊಳ್ಳುವಷ್ಟು ರಕ್ತನಷ್ಟವನ್ನು ಬಾಣಂತಿ ತಡೆದುಕೊಳ್ಳಲಾರಳು. ದೇವದುರ್ಗದಿಂದ ರಾಯಚೂರಿಗೆ ಸುಮಾರು 50 ಕಿಲೋಮೀಟರ್, ಮಾನ್ವಿಯಿಂದ ಅದಕ್ಕಿಂತ ಸ್ವಲ್ಪ ಕಡಿಮೆ. ಆಂಬುಲೆನ್ಸ್ ಬರುವ ಹೊತ್ತು, ದಾರಿಯ ಹೊತ್ತು, ರಕ್ತ ಹೊಂದಿಸುವ ಹೊತ್ತು ಎಲ್ಲ ಕೂಡಿಸಿದರೆ ಆ ಎರಡು ಗಂಟೆ ಮುಗಿದಿರುತ್ತದೆ. ಬೆಳಗಾವಿಯ ಆವಿಷ್ಕಾರ ಆಫ್ರಿಕಾ ಸುತ್ತಿ ಬಂದಿದೆ. ರಾಯಚೂರಿನ ಪ್ರತಿ ಹೆರಿಗೆ ಮಂಚದ ಮೇಲೂ ಅದು ಇರಬೇಕು.

ಇನ್ನು ಮೂರನೆಯ ಅಳತೆ, ಫಲಿತಾಂಶ. ಇದನ್ನು ಅಳೆಯದೆ ಗತಿಯಿಲ್ಲ, ಒರಟಾಗಿ ಅಳೆದರೆ ಅಪಾಯವೂ ತಪ್ಪಿದ್ದಲ್ಲ. ರಿಮ್ಸ್‌ಗೆ ಬರುವವರು ತಾಲೂಕುಗಳಲ್ಲಿ ಆಗದೆ ಕಳಿಸಿದವರು. ಜೊತೆಗೆ ತೆಲಂಗಾಣದ ಗದ್ವಾಲ, ನಾರಾಯಣಪೇಟೆ ಕಡೆಯಿಂದಲೂ, ಆಂಧ್ರದ ಗಡಿ ಹಳ್ಳಿಗಳಿಂದಲೂ ಬರುತ್ತಾರೆ. ಅಲ್ಲಿ ಸಾವು ಹೆಚ್ಚು ಕಂಡರೆ ಅದು ಕೆಟ್ಟ ಆಸ್ಪತ್ರೆ ಎಂದರ್ಥವಲ್ಲ. ಒಂದೂ ಸಾವಿಲ್ಲದ ತಾಲೂಕು ಆಸ್ಪತ್ರೆ ಕಷ್ಟದ ಹೆರಿಗೆಯನ್ನೆಲ್ಲ ‘ರೆಫರ್’ ಎಂದು ಬರೆದು ಸಾಗಹಾಕಿರಬಹುದು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಹೃದಯ ಶಸ್ತ್ರವೈದ್ಯರ ಸಾವಿನ ಅಂಕಿಯನ್ನು ಹೆಸರಿನ ಸಮೇತ ಪ್ರಕಟಿಸತೊಡಗಿದಾಗ ಏನಾಯಿತೆಂದು 1996ರ ಸಮೀಕ್ಷೆಯೊಂದು ಕೇಳಿತು. ಗಂಭೀರ ಸ್ಥಿತಿಯ ರೋಗಿಗಳನ್ನು ತೆಗೆದುಕೊಳ್ಳಲು ಹಿಂಜರಿಯುತ್ತೇವೆ ಎಂದು ಶೇ 63ರಷ್ಟು ಶಸ್ತ್ರವೈದ್ಯರು ಒಪ್ಪಿಕೊಂಡರು. ನೋಟಿಸ್, ಅಮಾನತುಗಳ ಭಯದಲ್ಲಿರುವ ನಮ್ಮ ತಾಲೂಕು ವೈದ್ಯರು ಅವರಿಗಿಂತ ಧೈರ್ಯಶಾಲಿಗಳಾಗಿರಬೇಕೆಂದು ನಿರೀಕ್ಷಿಸುವುದು ಸರಿಯಲ್ಲ.

ಈ ಜಿಲ್ಲೆಗೆ ವಿಶೇಷವಾದ ಇನ್ನೊಂದು ತೊಡಕು ಗುಳೆ. ಸುಗ್ಗಿ ಮುಗಿದೊಡನೆ ಬೆಂಗಳೂರಿನ ಕಟ್ಟಡಗಳ ಕಡೆ ಹೋಗುವ ಕುಟುಂಬದಲ್ಲಿ ಬಸುರಿಯೂ ಇರುತ್ತಾಳೆ. ಹೆಸರು ಬರೆಸಿದ್ದು ದೇವದುರ್ಗದ ಹಳ್ಳಿಯಲ್ಲಿ, ಏಳನೇ ತಿಂಗಳಲ್ಲಿ ಇದ್ದದ್ದು ಬೆಂಗಳೂರಿನ ಶೆಡ್ಡಿನಲ್ಲಿ, ಹೆರಿಗೆ ತವರಿನ ಮಾನ್ವಿಯಲ್ಲಿ. ಮೂರು ಕಡೆಯ ರಿಜಿಸ್ಟರಿನಲ್ಲೂ ಅವಳು ಅರ್ಧ ಅರ್ಧ ಇದ್ದಾಳೆ. ಅವಳಿಗೆ ಏನಾದರೂ ಆದರೆ ಮೂರರಲ್ಲಿ ಯಾವ ಊರೂ ತನ್ನ ಲೆಕ್ಕ ಎನ್ನುವುದಿಲ್ಲ. 2018ರಿಂದ ರಾಯಚೂರು ಮತ್ತು ಯಾದಗಿರಿ ಕೇಂದ್ರದ ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿಯಲ್ಲಿವೆ. 49 ಸೂಚಕಗಳಲ್ಲಿ ಆರೋಗ್ಯ ಮತ್ತು ಪೌಷ್ಟಿಕತೆಗೆ ಶೇ 30 ತೂಕ. ತಿಂಗಳಿಂದ ತಿಂಗಳಿಗೆ ಯಾರು ಎಷ್ಟು ಮೇಲೇರಿದರು ಎಂದು ರ‍್ಯಾಂಕ್. ಜಿಲ್ಲಾಡಳಿತಕ್ಕೆ ಆರೋಗ್ಯದ ಬಗ್ಗೆ ಗಮನ ಬರುವಂತೆ ಅದು ಮಾಡಿದ್ದು ಹೌದು. ಆದರೆ ಸ್ಪರ್ಧೆಗೆ ಬೇಕಾದ ಅಂಕಿಯನ್ನು ಸ್ಪರ್ಧಿಗಳೇ ತುಂಬುವಾಗ, ಗುಳೆ ಹೋದ ಬಸುರಿಯನ್ನು ಹುಡುಕುವುದಕ್ಕಿಂತ ಹತ್ತಿರದಲ್ಲಿರುವವರನ್ನು ಬೇಗ ನೋಂದಾಯಿಸುವುದು ಸುಲಭದ ದಾರಿಯಾಗುತ್ತದೆ.

ಮನೆ ಬಾಗಿಲಿಗೇ ಹೋಗಿ ಅಳೆದರೆ ಚಿತ್ರ ಎಷ್ಟು ತಿಳಿಯಾಗುತ್ತದೆ ಎಂಬುದಕ್ಕೂ ಈ ಭಾಗದ್ದೇ ಸಾಕ್ಷಿ ಇದೆ. ಬಡವರಿಗೆ ಹೃದಯ, ಕ್ಯಾನ್ಸರ್‌ನಂಥ ದೊಡ್ಡ ಕಾಯಿಲೆಗಳಿಗೆ ಉಚಿತ ಚಿಕಿತ್ಸೆ ಕೊಡುತ್ತಿದ್ದ ವಾಜಪೇಯಿ ಆರೋಗ್ಯಶ್ರೀ 2010ರಲ್ಲಿ ಮೊದಲು ಕಲಬುರಗಿ ವಿಭಾಗದಲ್ಲಿ ಆರಂಭವಾಯಿತು. ಯೋಜನೆ ಇದ್ದ ಹಳ್ಳಿಗಳನ್ನೂ, ಗಡಿಯ ಆಚೆಗೆ ಇನ್ನೂ ತಲುಪಿರದ ಹಳ್ಳಿಗಳನ್ನೂ ನೀರಜ್ ಸೂದ್ ಮತ್ತು ಸಂಗಡಿಗರು ಹೋಲಿಸಿದರು. ಎರಡೂ ಕಡೆ ಸೇರಿ ಸುಮಾರು 60,000 ಮನೆಗಳನ್ನು ತಲುಪಿ ಯಾರು ಸತ್ತರು, ಯಾವುದರಿಂದ ಎಂದು ಕೇಳಿದರು. ಯೋಜನೆಗೆ ಒಳಪಡುವ ಕಾಯಿಲೆಗಳಿಂದ ಬಡವರ ಸಾವು ಯೋಜನೆ ಇಲ್ಲದ ಕಡೆ ಶೇ 0.90, ಇದ್ದ ಕಡೆ 0.32. ಬಡತನ ರೇಖೆಗಿಂತ ಮೇಲಿದ್ದವರಲ್ಲಿ ಅಂಥ ವ್ಯತ್ಯಾಸ ಇರಲಿಲ್ಲ. 2014ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ ಪ್ರಕಟಿಸಿದ ಈ ಅಧ್ಯಯನ ಆಸ್ಪತ್ರೆಯ ಬಿಲ್ಲುಗಳನ್ನು ಎಣಿಸಿದ್ದರೆ ಖರ್ಚು ಹೆಚ್ಚಾಯಿತು ಎಂದಷ್ಟೇ ಹೇಳುತ್ತಿತ್ತು. ಮನೆಗಳಿಗೆ ಹೋದದ್ದರಿಂದ ಬದುಕಿದವರು ಲೆಕ್ಕಕ್ಕೆ ಸಿಕ್ಕರು.

ಮನೆಗೆ ಹೋದರೆ ಇನ್ನೂ ಒಂದು ಸಂಗತಿ ಸಿಗುತ್ತದೆ. ಹೆರಿಗೆಯಾದ ಹೆಂಗಸರು ಆಸ್ಪತ್ರೆಯ ಬಗ್ಗೆ ಮೊದಲು ಹೇಳುವುದು ಬೈಗುಳವನ್ನು. ಗಂಡಾದರೆ ಇಷ್ಟು, ಹೆಣ್ಣಾದರೆ ಇಷ್ಟು ಎಂದು ಕೊಡಬೇಕಾದ ಹಣವನ್ನು. ನೋವಿನಲ್ಲಿ ಕೂಗಿದಾಗ ಬಿದ್ದ ಏಟನ್ನು. 2016ರಲ್ಲಿ ಕೇಂದ್ರ ಆರಂಭಿಸಿದ ‘ಮೇರಾ ಅಸ್ಪತಾಲ್’ ಮೊಬೈಲ್ ಮೂಲಕ ರೋಗಿಯ ಅಭಿಪ್ರಾಯ ಕೇಳುತ್ತದೆ. ಬಾಣಂತಿ ಕೊಟ್ಟಿರುವ ನಂಬರು ಗಂಡನದೋ ಅಣ್ಣನದೋ ಆಗಿರುತ್ತದೆ. ಹೆರಿಗೆ ಕೋಣೆಯೊಳಗೆ ಕಾಲಿಡದವನು ‘ತೃಪ್ತಿಕರ’ ಎಂದು ಒತ್ತಿದರೆ ಅದು ಅವಳ ಅಭಿಪ್ರಾಯ ಆಗುವುದಿಲ್ಲ. ಊರಿನವರಲ್ಲದ, ಆಸ್ಪತ್ರೆಯವರೂ ಅಲ್ಲದ ಹೆಣ್ಣುಮಗಳೊಬ್ಬಳು ತವರುಮನೆಯಲ್ಲಿ ಕೂತು ಕೇಳಿದರೆ ಮಾತ್ರ ಇದು ತಿಳಿಯುತ್ತದೆ.

ಭಯ ಹುಟ್ಟಿಸದೆ ಫಲಿತಾಂಶ ಅಳೆಯುವುದನ್ನು ನೆರೆಯ ಕೇರಳದಿಂದ ಕಲಿಯಬೇಕು. ಇಂಗ್ಲೆಂಡಿನಲ್ಲಿ 1952ರಿಂದ ನಡೆಯುತ್ತಿರುವ, ತಾಯಂದಿರ ಸಾವುಗಳ ಗೋಪ್ಯ ವಿಚಾರಣೆಯ ಮಾದರಿಯನ್ನು ಅಲ್ಲಿನ ಪ್ರಸೂತಿ ತಜ್ಞರ ಸಂಘ ಸರ್ಕಾರದ ಜೊತೆ ಸೇರಿ 2004ರಿಂದ ಅನುಸರಿಸುತ್ತಿದೆ. ಸತ್ತ ತಾಯಿಯ ಕಡತದಿಂದ ಹೆಸರು, ಊರು, ಆಸ್ಪತ್ರೆ, ವೈದ್ಯರ ಗುರುತು ತೆಗೆದುಹಾಕಿ ಅನುಭವಿ ತಜ್ಞರು ಓದುತ್ತಾರೆ. ಯಾವ ಗಂಟೆಯಲ್ಲಿ ಏನು ಆಗಬೇಕಿತ್ತು, ಏನಾಯಿತು ಎಂದು ಬರೆಯುತ್ತಾರೆ. ಯಾರಿಗೂ ಶಿಕ್ಷೆಯಿಲ್ಲ, ಆದ್ದರಿಂದ ಸತ್ಯ ಹೊರಬರುತ್ತದೆ. ರಕ್ತಸ್ರಾವ ಮತ್ತು ರಕ್ತದೊತ್ತಡವೇ ಮುಖ್ಯ ಕೊಲೆಗಾರರೆಂದು ಖಚಿತವಾದ ಮೇಲೆ ಅವೆರಡಕ್ಕೇ ಗುರಿಯಿಟ್ಟು ಚಿಕಿತ್ಸೆಯ ಮಾನದಂಡ ಬರೆದರು, ತರಬೇತಿ ಕೊಟ್ಟರು. ಕೇರಳದ ತಾಯಿ ಮರಣ ಪ್ರಮಾಣ 2018–20ರಲ್ಲಿ 19. ಕೇರಳದ ಸಾಕ್ಷರತೆ, ರಸ್ತೆ, ವೈದ್ಯರ ಸಂಖ್ಯೆ ಎಲ್ಲವೂ ಬೇರೆ ಎಂಬುದು ನಿಜ. ಈ ವಿಚಾರಣೆಯನ್ನು ಆರಂಭಿಸಲು ಅವು ಯಾವುವೂ ಬೇಕಿಲ್ಲ.

ಶಿಕ್ಷೆ ಬೇಡ ಎನ್ನುವುದನ್ನು ಇಲ್ಲಿ ತಪ್ಪಾಗಿ ತಿಳಿಯಬಾರದು. ಕೆಟ್ಟ ಔಷಧ ಮಾರಿದವನ ಮೇಲೆ, ಕರ್ತವ್ಯದ ಹೊತ್ತಿನಲ್ಲಿ ಸ್ವಂತ ನರ್ಸಿಂಗ್ ಹೋಮಿನಲ್ಲಿದ್ದವನ ಮೇಲೆ ಕಾನೂನು ಬೀಳಲೇಬೇಕು; ಸತ್ತವಳ ಮನೆಯವರಿಗೆ ಅದು ಸಲ್ಲಬೇಕಾದ ನ್ಯಾಯ. ಆ ದಾರಿಯೂ ಕಲಿಕೆಯ ದಾರಿಯೂ ಬೇರೆ ಬೇರೆ ಇರಬೇಕು. ಒಂದೇ ಸಭೆಯಲ್ಲಿ ಒಂದೇ ಕಡತದಿಂದ ಎರಡನ್ನೂ ಮಾಡಹೊರಟರೆ ರಿಜಿಸ್ಟರಿನಲ್ಲಿ ರಕ್ತದೊತ್ತಡ ಯಾವಾಗಲೂ 120/80 ಇರುತ್ತದೆ.

464 ಸಾವುಗಳ ವರದಿಯ ನಂತರ ಸರ್ಕಾರ ತಜ್ಞರನ್ನು ಚದುರಿಸುವುದನ್ನು ಬಿಟ್ಟು ತಾಲೂಕು ಆಸ್ಪತ್ರೆಗಳಲ್ಲಿ ಒಟ್ಟುಗೂಡಿಸಲು ಹೊರಟಿತು. ಇಬ್ಬರು ಪ್ರಸೂತಿ ತಜ್ಞರು, ಇಬ್ಬರು ಅರಿವಳಿಕೆ ತಜ್ಞರು, ಒಬ್ಬ ಮಕ್ಕಳ ತಜ್ಞರು ಇದ್ದು ಹಗಲೂ ರಾತ್ರಿ ಸೇವೆ ನಡೆಯಬೇಕು. ಅದಕ್ಕಾಗಿ ಹೆರಿಗೆ ತೀರ ಕಡಿಮೆ ಇರುವ ಸಮುದಾಯ ಆರೋಗ್ಯ ಕೇಂದ್ರಗಳಿಂದ ತಜ್ಞರನ್ನು ಕರೆಸಬೇಕು ಎಂಬುದು ಯೋಜನೆ. ಇದು ಅಳತೆಯಿಂದ ಹುಟ್ಟಿದ ನೀತಿ, ತರ್ಕವೂ ಸರಿಯಾಗಿದೆ. ಆದರೆ ಯಾವ ಹಳ್ಳಿಯ ಬಸುರಿಗೆ ಇದರಿಂದ ದಾರಿ ಹತ್ತಿರವಾಯಿತು, ಯಾರಿಗೆ ದೂರವಾಯಿತು ಎಂದು ಆರು ತಿಂಗಳಿಗೊಮ್ಮೆಯಾದರೂ ನೋಡಬೇಕು. ಕೃಷ್ಣೆಯ ದಡದ ದೇವದುರ್ಗದ ಹಳ್ಳಿಗಳಿಗೂ ತುಂಗಭದ್ರೆಯ ದಡದ ಮಾನ್ವಿಯ ಹಳ್ಳಿಗಳಿಗೂ ಉತ್ತರ ಒಂದೇ ಆಗಿರಲಾರದು.

ನಂಜುಂಡಪ್ಪ ವರದಿಯಾದ ಎರಡು ದಶಕದ ಮೇಲೆ, 2024ರಲ್ಲಿ, ಪ್ರಾದೇಶಿಕ ಅಸಮತೋಲನವನ್ನು ಮತ್ತೆ ಅಳೆಯಲು ಪ್ರೊ. ಎಂ. ಗೋವಿಂದರಾವ್ ಅಧ್ಯಕ್ಷತೆಯಲ್ಲಿ ಸರ್ಕಾರ ಸಮಿತಿ ರಚಿಸಿತು. ವೈದ್ಯರು ಮತ್ತು ಹಾಸಿಗೆಗಳ ಎಣಿಕೆಯ ಜೊತೆಗೆ ತಾಲೂಕುಗಳ ಮುಂದೆ ಈಗ ಇಡಬೇಕಾದ ಪ್ರಶ್ನೆಗಳು ಬೇರೆ ಇವೆ. ರಾತ್ರಿ ಹತ್ತರಿಂದ ಬೆಳಗಿನ ಆರರೊಳಗೆ ದೇವದುರ್ಗದ ಆಸ್ಪತ್ರೆಯಲ್ಲಿ ಸಿಸೇರಿಯನ್ ಎಷ್ಟು ದಿನ ಸಾಧ್ಯವಿತ್ತು? ಮಾನ್ವಿಯಿಂದ ರಿಮ್ಸ್‌ಗೆ ಕಳಿಸಿದ ತಾಯಿ ಎಷ್ಟು ನಿಮಿಷದಲ್ಲಿ ತಲುಪಿದಳು, ತಲುಪಿದಾಗ ರಕ್ತ ಸಿದ್ಧವಿತ್ತೇ? ಹೆರಿಗೆಯಾದ 42ನೇ ದಿನ ಅವಳು ಎದ್ದು ಓಡಾಡುತ್ತಿದ್ದಳೇ? ಈ ಮೂರಕ್ಕೂ ಬೇಕಾದ ಮಾಹಿತಿ ಜಿಲ್ಲೆಯ ಯಾವುದಾದರೊಂದು ರಿಜಿಸ್ಟರಿನಲ್ಲಿ, ಆಂಬುಲೆನ್ಸಿನ ದಾಖಲೆಯಲ್ಲಿ, ಆಶಾ ಕಾರ್ಯಕರ್ತೆಯ ಚೀಲದಲ್ಲಿ ಈಗಲೇ ಇದೆ. ತಿಂಗಳ ಮೊದಲ ವಾರ ಅದನ್ನು ಒಂದೇ ಹಾಳೆಗೆ ಇಳಿಸಿ ತಾಲೂಕು ವೈದ್ಯಾಧಿಕಾರಿ, ಹೆರಿಗೆ ಕೋಣೆಯ ಸಿಸ್ಟರ್, ರಿಮ್ಸ್‌ನ ಪ್ರಸೂತಿ ವಿಭಾಗ ಮೂವರ ಕೈಗೂ ಕೊಡಲು ರಾಯಚೂರು ಜಿಲ್ಲಾಡಳಿತಕ್ಕೆ ಹೊಸ ಕಾನೂನು ಬೇಕಿಲ್ಲ, ಹೊಸ ಕಟ್ಟಡವೂ ಬೇಕಿಲ್ಲ. ಪಕ್ಕದ ಬಳ್ಳಾರಿ, ಕೊಪ್ಪಳ, ಯಾದಗಿರಿಗಳಿಗೆ ಅದರ ಒಂದೊಂದು ಪ್ರತಿಯನ್ನು ಅಂದೇ ಕಳಿಸಿಕೊಡಬಹುದು.